ಅಪ್‌ಡೇಟ್: ಪೌಚ್ ಸೆಲ್‌ಗಳಿಗೆ ಚೌಕಟ್ಟು ಕೂರಿಸಿದೆ

12 ಪೌಚ್ ಸೆಲ್‌ಗಳನ್ನು (ಮೆತ್ತನೆಯ ಚೀಲದಂಥ ಹೊದಿಕೆಯ ಚಪ್ಪಟೆ ಬ್ಯಾಟರಿ ಸೆಲ್‌ಗಳನ್ನು) ಒತ್ತಿ ಹಿಡಿಯಲು ಟೇಪ್ ಸುತ್ತಿ ಕಟ್ಟಿದರೆ ಸಾಕೇ ಎಂದು ಹಿಂದೆ ಕೇಳಿದ್ದೆ. ಸಾಲದು ಎಂದವರ ಮಾತೇ ನಿಜ. ಚಾರ್ಜ್ ಆಗುವಾಗ ಸೆಲ್ ತುಸು ಉಬ್ಬುತ್ತದೆ, ಖಾಲಿಯಾಗುವಾಗ ಇಳಿಯುತ್ತದೆ. ಒಮ್ಮೆ ಹಿಗ್ಗಿದ ಟೇಪ್ ಮತ್ತೆ ಬಿಗಿಯಾಗುವುದಿಲ್ಲ.

ಈಗ ಎರಡೂ ತುದಿಗೆ ದಪ್ಪ ಅಲ್ಯೂಮಿನಿಯಂ ಫಲಕ, ಅದರ ಒಳಮೈಗೆ ನಿರೋಧಕ ಹಾಳೆ, ನಾಲ್ಕು ಉದ್ದನೆಯ ಬೋಲ್ಟ್, ಪ್ರತಿ ಬೋಲ್ಟಿಗೂ ಒಂದು ಸ್ಪ್ರಿಂಗ್.

ನನ್ನನ್ನು ಹೆಚ್ಚು ಕಾಡಿದ್ದು ಒತ್ತಡದ ಲೆಕ್ಕ. ನನ್ನ ಸೆಲ್‌ಗಳ ವಿವರಪಟ್ಟಿಯಲ್ಲಿ ಮುಖದ ಮೇಲೆ 50 ಕಿಲೋಪಾಸ್ಕಲ್ ಒತ್ತಡ ಬೇಕು ಎಂದಿದೆ. ಸೆಲ್ಲಿನ ಮುಖ 100×150 ಮಿ.ಮೀ.; ಅಂದರೆ ಬೇಕಾದ ಬಲ 750 ನ್ಯೂಟನ್, ಹೆಚ್ಚುಕಡಿಮೆ 76 ಕಿಲೋ ಭಾರ. ಇದನ್ನು 12ರಿಂದ ಗುಣಿಸಬೇಕೆಂದುಕೊಂಡಿದ್ದೆ, ಅದು ತಪ್ಪು. ಒಂದರ ಬೆನ್ನಿಗೆ ಒಂದು ಜೋಡಿಸಿದಾಗ ಅದೇ ಬಲ ಎಲ್ಲ ಸೆಲ್‌ಗಳನ್ನೂ ಹಾದುಹೋಗುತ್ತದೆ. ಒಂದು ಬೋಲ್ಟಿನ ಪಾಲು ಸುಮಾರು 188 ನ್ಯೂಟನ್. ನನ್ನ ಸ್ಪ್ರಿಂಗ್ ಮಿಲಿಮೀಟರಿಗೆ 10 ನ್ಯೂಟನ್ ಕೊಡುವಂಥದ್ದು. ಹಾಗಾಗಿ ಕ್ಯಾಲಿಪರ್ ಹಿಡಿದು, ಮೂಲೆಯಿಂದ ಎದುರು ಮೂಲೆಗೆ ಹೋಗುತ್ತಾ, ಪ್ರತಿಯೊಂದನ್ನೂ 19 ಮಿ.ಮೀ.ನಷ್ಟು ಕುಗ್ಗಿಸಿದೆ. ನಟ್ಟಿನ ಬಿಗಿತವನ್ನು ಕೈಯಂದಾಜಿನಲ್ಲಿ ನಂಬುವುದಕ್ಕಿಂತ ಇದು ಎಷ್ಟೋ ಮೇಲು.

ಸೆಲ್‌ಗಳ ನಡುವಿನ ಫೋಮ್ ಹಾಳೆಗಳನ್ನು ಎರಡು ಬಾರಿ ಕತ್ತರಿಸಬೇಕಾಯಿತು. ಮೊದಲ ಸಲ ಬಿಚ್ಚಿ ನೋಡಿದಾಗ ಒಂದು ಸೆಲ್ಲಿನ ಬೆಸುಗೆಯಂಚಿನ (ಚೀಲದ ಮುಚ್ಚಿದ ಅಂಚಿನ) ಮೇಲೆ ಫೋಮಿನ ಗೆರೆ ಮೂಡಿತ್ತು. ಒತ್ತಡ ಬೀಳಬೇಕಾದದ್ದು ಚಪ್ಪಟೆ ಮುಖದ ಮೇಲೆ ಮಾತ್ರ. ಅಂಚು, ಟ್ಯಾಬ್‌ಗಳ (ತಂತಿ ಜೋಡಿಸುವ ಲೋಹದ ಪಟ್ಟಿಗಳ) ಮೇಲಲ್ಲ.

ಅನಿಲ ತುಂಬಿ ದಿಂಬಿನಂತಾಗಿದ್ದ ಒಂದು ಸೆಲ್ಲನ್ನು ಒತ್ತಿ ಸರಿಮಾಡಲು ಹೋಗದೆ ಬದಲಾಯಿಸಿದೆ. ಇನ್ನು ಪ್ರತಿ ತಿಂಗಳೂ ಸ್ಪ್ರಿಂಗ್‌ಗಳ ಉದ್ದ ಅಳೆಯುತ್ತೇನೆ.