ಸಹಾಯ ಬೇಕು: ಕಟಮರಾನ್ ಕಿಟ್ ತಗೊಳ್ಳೋದಾ, ಮೊದಲಿಂದ ನಾನೇ ಕಟ್ಟೋದಾ?

ದೋಣಿ ಕಟ್ಟಿದ ಅನುಭವ ಇರೋರು ದಯವಿಟ್ಟು ಹೇಳಿ. ಇಪ್ಪತ್ತು ಅಡಿ ಆಸುಪಾಸಿನ ಹಾಯಿ ಕಟಮರಾನ್ (ಪಕ್ಕಪಕ್ಕ ಎರಡು ಒಡಲಿರುವ ದೋಣಿ) ಕಟ್ಟಬೇಕು ಅಂತ ಬಹಳ ದಿನದ ಆಸೆ. ಪ್ಲೈವುಡ್, ಎಪಾಕ್ಸಿ (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟು), ಮೇಲೆ ಗ್ಲಾಸ್ ಫೈಬರ್ ಬಟ್ಟೆ. ಕಟಮರಾನ್ ವಿನ್ಯಾಸಕಾರ ಜೇಮ್ಸ್ ವಾರಮ್ ಅವರ ಟಿಕಿ 21 ಅನ್ನೋ ವಿನ್ಯಾಸ ಮನಸ್ಸಿಗೆ ತುಂಬಾ ಹಿಡಿಸಿದೆ. ಇಷ್ಟು ಚಿಕ್ಕ ದೋಣಿಯಲ್ಲೇ ಭೂಮಿ ಸುತ್ತಿ ಬಂದವರಿದ್ದಾರೆ!

ಕಿಟ್ ಆದರೆ ಹಲಗೆಗಳು ಮೆಷಿನ್‌ನಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿ ಬರುತ್ತವೆ, ಎರಡೂ ಹಲ್ (ದೋಣಿಯ ಒಡಲು) ಒಂದೇ ಥರ ಬರುತ್ತೆ ಅನ್ನೋ ಧೈರ್ಯ. ಪ್ಲ್ಯಾನ್ ಮಾತ್ರ ತಗೊಂಡರೆ ಗುರುತು ಹಾಕೋದು, ಕತ್ತರಿಸೋದು ಎಲ್ಲ ನಮ್ಮದೇ. ನನಗೆ ಅಳುಕು ಇರೋದು ಸ್ಕಾರ್ಫ್ ಜಾಯಿಂಟ್ ಬಗ್ಗೆ, ಅಂದರೆ ಎರಡು ಶೀಟ್‌ಗಳ ಅಂಚನ್ನು ಇಳಿಜಾರಾಗಿ ಕೀಸಿ ಒಂದರ ಮೇಲೊಂದು ಅಂಟಿಸೋದು. ಎಂಟು ಅಡಿ ಶೀಟ್‌ಗಳನ್ನು ಉದ್ದಕ್ಕೆ ಜೋಡಿಸಲೇಬೇಕು. 1:8 ಇಳಿಜಾರು ಅಂದರೆ 6 ಮಿ.ಮೀ. ಪ್ಲೈಗೆ 48 ಮಿ.ಮೀ. ಉದ್ದ ಕೀಸಬೇಕು. ಅಂಚು ಕಾಗದದಷ್ಟು ತೆಳ್ಳಗಾಗುತ್ತೆ, ಕೀಸುಳಿ ಸ್ವಲ್ಪ ಜಾರಿದರೂ ಹರಿದೇ ಹೋಗುತ್ತೆ. ಇದನ್ನು ಕೈಯಲ್ಲೇ ಮಾಡಿದವರು ಇದ್ದೀರಾ?

ಇನ್ನೊಂದು ಮಾತು. ಫಿಲೆಟ್ ಎಳೆಯೋದು (ಹಲಗೆಗಳು ಸೇರುವ ಮೂಲೆಗೆ ಎಪಾಕ್ಸಿ ಪೇಸ್ಟ್ ತುಂಬೋದು), ಎಪಾಕ್ಸಿ ಒಣಗಿದ ಮೇಲಿನ ಜಿಡ್ಡು ನೀರಲ್ಲಿ ತೊಳೆಯೋದು, ಉಜ್ಜೋದು, ಬಣ್ಣ, ಇದೆಲ್ಲ ಎರಡರಲ್ಲೂ ಅಷ್ಟೇ ಇದೆ. ಹಾಯಿಕಂಬ, ಹಾಯಿ, ಹಗ್ಗದ ಖರ್ಚೂ ಅಷ್ಟೇ. ಹಾಗಿದ್ದರೆ ಕಿಟ್‌ನಿಂದ ನಿಜವಾಗಿ ಎಷ್ಟು ಸಮಯ ಉಳಿಯಿತು? ಬಲ್ಕ್‌ಹೆಡ್ (ಹಲ್ ಒಳಗಿನ ಅಡ್ಡ ಹಲಗೆ) ಮಾತ್ರ ಹೊರಗೆ ಕೊಟ್ಟು ಕತ್ತರಿಸಿ ತಂದು, ಉಳಿದದ್ದು ನಾವೇ ಮಾಡಿದರೆ ನಡೆಯುತ್ತಾ?

ಎರಡು ಹಲ್ ಸಮ ಇದೆಯಾ ಅಂತ ನೀವು ಹೇಗೆ ಪರೀಕ್ಷೆ ಮಾಡಿದಿರಿ ಅನ್ನೋದನ್ನೂ ಬರೆಯಿರಿ. ಕೆಲಸ ಅರ್ಧ ಆಗಿರುವಾಗ ತೆಗೆದ ಫೋಟೊ ಇದ್ದರೆ ದಯವಿಟ್ಟು ಹಾಕಿ, ತುಂಬಾ ಉಪಕಾರ ಆಗುತ್ತೆ.