ಐಫೋನ್ ಬೇಡ ಅಂತಿದ್ದು ಆಮೇಲೆ ಕೊಂಡವರು, ಕೊಂಡು ಮಾರಿದವರು ಸ್ವಲ್ಪ ಅನುಭವ ಹೇಳಿ

ಪ್ರಶ್ನೆ: ಐಫೋನ್ ಅಂದ್ರೆ ಬರೀ ಶೋಕಿ ಅಂತ ಹತ್ತು ವರ್ಷ ವಾದ ಮಾಡಿದವನು ನಾನು. ಈಗ ನನ್ನ ಆಂಡ್ರಾಯ್ಡ್ ಫೋನಿಗೆ ಐದು ವರ್ಷ. ಸಂಜೆಯೊಳಗೆ ಎರಡು ಸಲ ಚಾರ್ಜ್ ಕೇಳುತ್ತದೆ. ಕೈಯಲ್ಲಿ 45 ಸಾವಿರ ಇದೆ, ಯಾಕೋ ಮನಸ್ಸು ಆ ಕಡೆ ಜಾರುತ್ತಿದೆ. ಬೇಡ ಎನ್ನುತ್ತಿದ್ದು ಆಮೇಲೆ ಕೊಂಡವರು, ಕೊಂಡು ಆಮೇಲೆ ಬಿಟ್ಟವರು ಇದ್ದೀರಾ? ಯಾವುದು ಬೆಸ್ಟ್ ಅಂತ ಬೇಡ. ನಿಮಗೆ ಏನಾಯಿತು ಅಂತ ಹೇಳಿ ಸಾಕು.

ಮೈಸೂರಿನಿಂದ: ನಾನೂ ನಿಮ್ಮ ಕಡೆಯವಳೇ. "ಕಿಡ್ನಿ ಎಷ್ಟಕ್ಕೆ ಮಾರಿದೆ?" ಅಂತ ತಮ್ಮನನ್ನು ಆಡಿಕೊಂಡವಳು.

ನನ್ನ ಮನಸ್ಸು ಬದಲಾಗಿದ್ದು ಕ್ಯಾಮೆರಾ ನೋಡಿ ಅಲ್ಲ. ಆಗ ನನ್ನ ಹತ್ತಿರ ಇದ್ದ ಫೋನಿನ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಕಂಪನಿ ಎರಡೇ ವರ್ಷಕ್ಕೆ ಅಪ್‌ಡೇಟ್ ನಿಲ್ಲಿಸಿತ್ತು. ಒಂದು ದಿನ ಬ್ಯಾಂಕ್ ಆ್ಯಪ್ ಇನ್ನು ಈ ಫೋನಿನಲ್ಲಿ ತೆರೆಯುವುದಿಲ್ಲ ಎಂದಿತು. ಗಟ್ಟಿಮುಟ್ಟಾದ ಫೋನ್, ಸುಮ್ನೆ ದಂಡ. 2023ರ ದಸರಾಕ್ಕೆ ತಮ್ಮ ಹೊಸದು ತೆಗೆದುಕೊಂಡು ತನ್ನ ಹಳೇ ಐಫೋನ್ ಎಕ್ಸ್‌ಆರ್ ನನ್ನ ಕೈಗಿಟ್ಟ. ಅದು 2018ರ ಮಾಡೆಲ್. 2024ರ ಐಒಎಸ್ 18 (ಐಫೋನಿನ ಸಾಫ್ಟ್‌ವೇರ್‌ಗೆ ಐಒಎಸ್ ಅಂತಾರೆ) ಅದಕ್ಕೂ ಬಂತು. 2025ರ ಐಒಎಸ್ 26 ಬರಲಿಲ್ಲ, ಅಲ್ಲಿಗೆ ನಿಂತಿತು. ಲೆಕ್ಕ ಹಾಕಿ.

ಮೊದಲ ದಿನವೇ ಒಂದು ಎಡವಟ್ಟು ಮಾಡಿಕೊಂಡೆ, ನೀವು ಮಾಡಬೇಡಿ. ಖುಷಿಯಲ್ಲಿ ಫೋನ್ ಆನ್ ಮಾಡಿ, ವಾಲ್‌ಪೇಪರ್ ಹಾಕಿ, ಎಲ್ಲ ಸೆಟಪ್ ಮುಗಿಸಿದೆ. ಆಮೇಲೆ ವಾಟ್ಸ್ಆ್ಯಪ್ ತೆರೆದರೆ ಖಾಲಿ ಖಾಲಿ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ಗೆ ತೆಗೆದಿಟ್ಟ ಬ್ಯಾಕಪ್ ಇಲ್ಲಿ ಬರುವುದಿಲ್ಲ. ಸಾರಿನ ಪುಡಿಗೆ ಎಷ್ಟು ಪಾವು ಧನಿಯಾ, ಎಷ್ಟು ಮೆಣಸಿನಕಾಯಿ ಅಂತ ಅತ್ತೆ ಕಳಿಸಿದ್ದ ವಾಯ್ಸ್ ಮೆಸೇಜ್ ಎಲ್ಲ ಅದರಲ್ಲೇ ಇತ್ತು! ಹಳೇ ಫೋನಿನಲ್ಲಿ 'ಮೂವ್ ಟು ಐಒಎಸ್' ಅಂತ ಆ್ಯಪ್ ಹಾಕಿ, ಐಫೋನ್ ಮೊದಲ ಸಲ ಸೆಟಪ್ ಆಗುವಾಗಲೇ ಚಾಟ್ ಸಾಗಿಸಬೇಕಂತೆ. ಮಾಡಿದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಎರಡು ಫೋನನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಎರಡಕ್ಕೂ ಚಾರ್ಜರ್ ಚುಚ್ಚಿ, ಮಕ್ಕಳಿಗೆ ಮುಟ್ಟಬೇಡಿ ಎಂದು ಗದರಿ ಕಾಯುತ್ತಾ ಕೂತೆ. ರಾತ್ರಿ ಹನ್ನೊಂದಾಯಿತು. ಅತ್ತೆಯ ಧನಿಯಾ ಲೆಕ್ಕ ಬಂತು.

ಈಗಲೂ ಒಂದು ಕಿರಿಕಿರಿ ಇದೆ. ಹಿಂದೆ ಹೋಗಲು ಒಂದು ಆ್ಯಪಿನಲ್ಲಿ ಎಡಗಡೆಯಿಂದ ಉಜ್ಜಬೇಕು, ಇನ್ನೊಂದರಲ್ಲಿ ಮೇಲಿನ ಮೂಲೆ ಒತ್ತಬೇಕು. ಒಂದೇ ಕೈಯಲ್ಲಿ ಫೋನ್ ಹಿಡಿದು ಪಲ್ಯ ಕೈಯಾಡಿಸುವಾಗ ಇದರ ಕಷ್ಟ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಾನು ಮನಸ್ಸು ಬದಲಾಯಿಸಿದ ಕಾರಣ ಈಗ ಅರ್ಧ ಬಿದ್ದುಹೋಗಿದೆ. ಆಂಡ್ರಾಯ್ಡ್ ಕಡೆ, 2023ರ ಗೂಗಲ್ ಪಿಕ್ಸೆಲ್ 8ಕ್ಕೆ, 2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಆ ಕಂಪನಿಗಳೇ ಹೇಳಿವೆ. ಇವತ್ತು ನಾನೇ ಕೊಳ್ಳಬೇಕಾದರೆ ಯಾವ ಕಡೆ ಹೋಗುತ್ತಿದ್ದೆನೋ!

ತೀರ್ಥಹಳ್ಳಿಯಿಂದ: ನಾನು ಕೊಂಡು ಎಂಟು ತಿಂಗಳಿಗೆ ಮಾರಿದವನು. ಫೋನ್ ಕೆಟ್ಟದ್ದಲ್ಲ, ನನ್ನ ಕೆಲಸಕ್ಕೆ ಹೊಂದಲಿಲ್ಲ ಅಷ್ಟೇ. ಅಡಿಕೆ ವ್ಯಾಪಾರ ನಮ್ಮದು. ರಾಶಿ ಇಡಿಗೆ ಇಷ್ಟು, ಬೆಟ್ಟೆಗೆ ಇಷ್ಟು, ಎಷ್ಟು ಮೂಟೆ, ಲಾರಿ ಯಾವತ್ತು, ಎಲ್ಲ ಫೋನಿನಲ್ಲೇ ಮುಗಿಯುತ್ತದೆ. ಹಳೇ ಫೋನಿನಲ್ಲಿ ಕಾಲ್ ತಂತಾನೇ ರೆಕಾರ್ಡ್ ಆಗುತ್ತಿತ್ತು, ರಾತ್ರಿ ಕೇಳಿಕೊಂಡು ಲೆಕ್ಕ ಬರೆಯುತ್ತಿದ್ದೆ. ಐಫೋನಿಗೆ ಆ ಸೌಲಭ್ಯ ಬಂದಿದ್ದೇ 2024ರ ಐಒಎಸ್ 18.1ರಲ್ಲಿ. ಅದೂ ಪ್ರತಿ ಸಲ ನಾವೇ ಒತ್ತಬೇಕು, ರೆಕಾರ್ಡ್ ಆಗುತ್ತಿದೆ ಅಂತ ಇಬ್ಬರಿಗೂ ಕೇಳುವ ಹಾಗೆ ಸಾರುತ್ತದೆ. ನ್ಯಾಯವಾಗಿ ಅದೇ ಸರಿ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಕೇಳಿದ ಕೂಡಲೇ ಆ ಕಡೆಯವರು "ಆಮೇಲೆ ಮಾತಾಡುವ ಮಾರಾಯ್ರೆ" ಅಂತ ಇಟ್ಟೇಬಿಡುತ್ತಾರೆ.

ಕೇಬಲ್ ಕಥೆ ಬೇರೆ. ನನ್ನದು ಐಫೋನ್ 14, ಅಂದರೆ ಹಳೇ ಲೈಟ್ನಿಂಗ್ ಪಿನ್. ಮದುವೆ ಮನೆಯಲ್ಲಿ ನೂರು ಜನ, ನೂರು ಚಾರ್ಜರ್, ಒಂದೂ ನನಗೆ ಆಗಲಿಲ್ಲ. 15ರಿಂದ ಮೇಲಿನವಕ್ಕೆ ಟೈಪ್-ಸಿ ಇದೆ, ತಗೊಂಡರೆ ಅದನ್ನೇ ತಗೊಳ್ಳಿ. ಮಾರುವಾಗ ಒಳ್ಳೆಯ ಬೆಲೆ ಬಂತು, ಅದೊಂದು ಸಮಾಧಾನ.

ಹುಬ್ಬಳ್ಳಿಯಿಂದ: 45 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ನೋಡುತ್ತೀರಾದರೆ ದುಡ್ಡು ಕೊಡುವ ಮೊದಲು *#06# ಒತ್ತಿ ಐಎಂಇಐ ನಂಬರ್ (ಒಂದೊಂದು ಫೋನಿಗೂ ಇರುವ ಗುರುತಿನ ನಂಬರ್) ತೆಗೆಯಿರಿ. ಇಂಗ್ಲಿಷ್‌ನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕದ್ದ ಮಾಲು ಅಂತ ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಮಾರುವವರು ನಿಮ್ಮ ಎದುರೇ ತಮ್ಮ ಆ್ಯಪಲ್ ಐಡಿ ತೆಗೆಯಲಿ, 'ಆಮೇಲೆ ತೆಗಿತೀನ್ರಿ' ಅಂದರೆ ಎದ್ದು ಬನ್ನಿ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ಬ್ಯಾಟರಿ ಹೆಲ್ತ್ ಶೇಕಡಾ 80ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡು ಕಳೆದು ರೇಟ್ ಮಾತಾಡಿ.

ದಾವಣಗೆರೆಯಿಂದ: ಮೆಮೊರಿ ಕಾರ್ಡ್ ಹಾಕೋಕೆ ಜಾಗ ಇಲ್ಲ ಅನ್ನೋದನ್ನು ಯಾರೂ ಹೇಳಲಿಲ್ಲವಲ್ಲ! ಆ್ಯಪಲ್‌ನ ಆನ್‌ಲೈನ್ ಜಾಗ ಐಕ್ಲೌಡ್ ಪುಕ್ಕಟೆ ಸಿಗೋದು 5 ಜಿಬಿ ಮಾತ್ರ. ನನ್ನ ಮಗಳ ನಾಮಕರಣದ ಫೋಟೊಗೇ ಅದು ತುಂಬಿತು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾನು ಕಾಲ್ ರೆಕಾರ್ಡ್ ಮಾಡುವವನಲ್ಲ, ಆದರೆ ಅಪ್ಪನ ಹಳೇ ವಾಯ್ಸ್ ಮೆಸೇಜ್‌ಗಳಿವೆ. ಶನಿವಾರ ಒಂದು ಬಳಸಿದ 15 ನೋಡಲು ಹೋಗುತ್ತಿದ್ದೇನೆ. ಮೈಸೂರಿನ ಅಕ್ಕಾ, ವಾಟ್ಸ್ಆ್ಯಪ್ ಸಾಗಿಸುವಾಗ ಮಧ್ಯೆ ಕರೆಂಟ್ ಹೋದರೆ ಏನು ಮಾಡೋದು?

ಮೈಸೂರಿನಿಂದ: ಪವರ್ ಬ್ಯಾಂಕ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಳೇ ಫೋನ್ ಮಾತ್ರ ಒಂದು ತಿಂಗಳು ಅಳಿಸಬೇಡಿ, ಯಾರಿಗೂ ಕೊಡಬೇಡಿ.