ರಂಗನತಿಟ್ಟಿಗೆ 70-300 ಲೆನ್ಸ್ ಸಾಕಾ? ಯಾವ ತಿಂಗಳು ಹೋದ್ರೆ ಒಳ್ಳೇದು?

ಹೊಸಬ_ಬೆಂಗ್ಳೂರು:
ಎಲ್ರಿಗೂ ನಮಸ್ಕಾರ. ಈಚೆಗೆ ಸೆಕೆಂಡ್ ಹ್ಯಾಂಡಲ್ಲಿ ಒಂದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ ತಗೊಂಡೆ, ಜೊತೆಗೆ 70-300 ಎಂಎಂ ಜೂಮ್ ಲೆನ್ಸ್. ಇಲ್ಲೀವರೆಗೂ ಲಾಲ್‌ಬಾಗ್ ಕೆರೆ ಹತ್ರ ನಿಂತ್ಕೊಂಡು ನೀರುಕಾಗೆ ಬೆಳ್ಳಕ್ಕಿ ಫೋಟೋ ಹೊಡೀತಿದ್ದೆ ಅಷ್ಟೆ, ಈಗ ರಂಗನತಿಟ್ಟಿಗೆ ಹೋಗೋಣ ಅಂತ ಆಸೆ. ಒಬ್ರು ಡಿಸೆಂಬರ್ ಅಂತಾರೆ, ಇನ್ನೊಬ್ರು ಮಾರ್ಚ್ ಅಂತಾರೆ, ಆಫೀಸಲ್ಲೊಬ್ಬ ಜುಲೈಲಿ ಹೋಗಿ ಬೋಟಿಂಗೇ ಇಲ್ಲ ಅಂತ ವಾಪಸ್ ಬಂದಿದಾನೆ. ಯಾವುದನ್ನ ನಂಬೋದು? 150-600 ಬಾಡಿಗೆಗೆ ತಗೊಂಡು ಹೋಗ್ಲಾ, ಇರೋದ್ರಲ್ಲೇ ಆಗುತ್ತಾ? ಟ್ರೈಪಾಡ್ ಬೇಕಾ? ಮತ್ತೆ ಅಮ್ಮನೂ ಬರ್ತೀನಿ ಅಂತಿದಾರೆ, ಅವ್ರಿಗೆ ಮಂಡಿ ನೋವು, ದೋಣಿ ಹತ್ತೋಕೆ ಆಗುತ್ತಾ ಗೊತ್ತಿದ್ದೋರು ಹೇಳಿ ಪ್ಲೀಸ್.

ಪಾಲಹಳ್ಳಿ_ಕಡೆಯೋನು:
ಗುರು, ತಿಂಗಳು ಯಾವ್ದು ಅನ್ನೋದು ನಿಂಗೆ ಏನು ಬೇಕು ಅನ್ನೋದ್ರ ಮೇಲೆ. ಬಣ್ಣದ ಕೊಕ್ಕರೆ, ಚಮಚ ಕೊಕ್ಕರೆ ಇವೆಲ್ಲ ಗೂಡು ಕಟ್ಟೋದು ಮರಿ ಮಾಡೋದು ನೋಡ್ಬೇಕಂದ್ರೆ ಫೆಬ್ರವರಿ ಮಾರ್ಚ್ ಏಪ್ರಿಲ್ ಬಾ. ಚಳಿಗಾಲದ ವಲಸೆ ಹಕ್ಕಿ, ಬೆಳಿಗ್ಗೆ ನದಿ ಮೇಲೆ ಮಂಜು ಬೇಕಂದ್ರೆ ಡಿಸೆಂಬರ್ ಜನವರಿ. ಮೊಸಳೆ ವರ್ಷಪೂರ್ತಿ ಇರ್ತವೆ, ಆದ್ರೆ ಬೇಸಿಗೇಲಿ ನೀರು ಇಳಿದು ಬಂಡೆ ಎಲ್ಲ ಮೇಲೆ ಬಂದಾಗ ಚೆನ್ನಾಗಿ ಕಾಣ್ತವೆ, ಬಾಯಿ ಅಗಲಿಸ್ಕೊಂಡು ಬಿಸಿಲಿಗೆ ಬಿದ್ದಿರ್ತವೆ. ಜನ ಅದು ಕೋಪ ಅನ್ಕೋತಾರೆ, ಅದು ಮೈ ಬಿಸಿ ಇಳಿಸ್ಕೊಳ್ಳೋದು.

ನಿಮ್ಮ ಆಫೀಸಿನೋರಿಗೆ ಆಗಿದ್ದು ಏನಂದ್ರೆ, ರಂಗನತಿಟ್ಟು ಇರೋದು ಕೆಆರ್‌ಎಸ್ ಕೆಳಗಡೆ. ಕೊಡಗಲ್ಲಿ ಮಳೆ ಜೋರಾಗಿ ಡ್ಯಾಂ ತುಂಬಿ ನೀರು ಬಿಟ್ರು ಅಂದ್ರೆ ಇಲ್ಲಿ ತಿಟ್ಟುಗಳೇ ಮುಳುಗ್ತವೆ, ಬೋಟ್ ನಿಲ್ಲಿಸ್ತಾರೆ. ಹಂಗಾಗಿ ಜುಲೈ ಆಗಸ್ಟಲ್ಲಿ ಹೊರಡೋ ಮುಂಚೆ ಕೆಆರ್‌ಎಸ್ ಹೊರಹರಿವು ಎಷ್ಟು ಅಂತ ಪೇಪರಲ್ಲೋ ಟಿವೀಲೋ ನೋಡ್ಕೊಂಡೇ ಹೊರಡಬೇಕು, ಮೈಸೂರು ಮಂಡ್ಯ ಪೇಪರಲ್ಲಿ ಆ ಟೈಮಲ್ಲಿ ದಿನಾ ಬರುತ್ತೆ.

ಅಂದಹಾಗೆ ಈ ತಿಟ್ಟುಗಳು ಸುಮ್ನೆ ಹುಟ್ಕೊಂಡಿದ್ದಲ್ಲ, 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡ ಕಟ್ಟೆ ಕಟ್ಟಿದ್ರಿಂದ ಆಗಿದ್ದು. ಆಮೇಲೆ ಪಕ್ಷಿ ತಜ್ಞ ಸಲೀಂ ಅಲಿ ಬಂದು ನೋಡಿ ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ್ರು. 2022ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರ್ತು. ಡ್ರೋನ್ ಗೀನ್ ತರೋ ಪ್ಲಾನ್ ಇದ್ರೆ ಮನೇಲೇ ಬಿಟ್ಟು ಬನ್ನಿ, ಪರ್ಮಿಷನ್ ಇಲ್ದೆ ಹಾರಿಸೋ ಹಾಗಿಲ್ಲ.

ಲೆನ್ಸ್_ಮಾಮ:
70-300 ಸಾಕು ಬ್ರೋ, ಧಾರಾಳ ಸಾಕು. ಕ್ರಾಪ್ ಬಾಡೀಲಿ ಸೆನ್ಸರ್ ಚಿಕ್ಕದು, ಹಂಗಾಗಿ 300 ಹೆಚ್ಚುಕಮ್ಮಿ 450 ಥರ ಕೆಲಸ ಮಾಡುತ್ತೆ, ರಂಗನತಿಟ್ಟಲ್ಲಿ ದೋಣಿ ಹಕ್ಕಿಗೆ ಎಷ್ಟು ಹತ್ರ ಹೋಗುತ್ತೆ ಅಂದ್ರೆ ಕೆಲವು ಸಲ 600 ಹಾಕಿದ್ರೆ ಕೊಕ್ಕರೆ ತಲೆ ಮಾತ್ರ ಫ್ರೇಮಲ್ಲಿ ಬರುತ್ತೆ, ಕಾಲು ಹೋಯ್ತು. ಬಾಡಿಗೆ ದುಡ್ಡನ್ನ ಫೋಟೋಗ್ರಾಫರ್ಸ್‌ಗೆ ಅಂತ ಕೊಡೋ ಸ್ಪೆಷಲ್ ಬೋಟಿಗೆ ಹಾಕಿ. ಮಾಮೂಲಿ ಬೋಟಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದು ರೌಂಡು, ಹಿಂದೆ ಮುಂದೆ ಸೆಲ್ಫಿ ಸ್ಟಿಕ್ಕು, ಮಕ್ಕಳ ಕಿರುಚಾಟ, ನೀವು ಕ್ಯಾಮೆರಾ ಎತ್ತೋಷ್ಟರಲ್ಲಿ ದೋಣಿ ತಿರುಗಿರುತ್ತೆ. ಸ್ಪೆಷಲ್‌ನಲ್ಲಿ ಜಾಸ್ತಿ ಹೊತ್ತು ಸಿಗುತ್ತೆ, ಹುಟ್ಟು ಹಾಕೋ ಅಣ್ಣಂಗೆ ಮೊದ್ಲೇ ಹೇಳಿ, ಸೂರ್ಯ ಬೆನ್ನಿಗಿರೋ ಹಾಗೆ ನಿಲ್ಲಿಸಣ್ಣ ಅಂತ. ಅವ್ರಿಗೆ ನಮಗಿಂತ ಚೆನ್ನಾಗಿ ಗೊತ್ತು ಯಾವ ಬಂಡೆ ಮೇಲೆ ಯಾವ ಹೊತ್ತಿಗೆ ಏನು ಕೂತಿರುತ್ತೆ ಅಂತ. ಹೆಂಗಿದ್ರೂ ರೇಟ್ ಬದಲಾಗ್ತಾ ಇರುತ್ತೆ, ಕೌಂಟರಲ್ಲೇ ಕೇಳಿ.

ಟ್ರೈಪಾಡ್ ಬೇಡವೇ ಬೇಡ, ದೋಣಿ ಅಲ್ಲಾಡುತ್ತೆ, ಅದ್ರ ಜೊತೆ ಟ್ರೈಪಾಡೂ ಅಲ್ಲಾಡುತ್ತೆ. ಕೈಯಲ್ಲೇ ಹಿಡ್ಕೊಂಡು ಮೊಣಕೈ ಪಕ್ಕೆಗೆ ಒತ್ತಿ. ಶಟರ್ ಸ್ಪೀಡ್ ಕೂತ ಹಕ್ಕಿಗೂ 1/800 ಸೆಕೆಂಡಿಗಿಂತ ಇಳೀಬೇಡಿ, ಹಾರೋದಕ್ಕೆ 1/2000 ಮೇಲೆ, ಐಎಸ್ಓ (ಬೆಳಕಿಗೆ ಸೆನ್ಸರ್ ಸೂಕ್ಷ್ಮತೆ) ಏರಿದ್ರೆ ಏರ್ಲಿ, ಗ್ರೇನ್ ಬಂದ ಫೋಟೋ ಸರಿ ಮಾಡ್ಬೋದು ಶೇಕ್ ಆದ ಫೋಟೋ ಏನೂ ಮಾಡೋಕಾಗಲ್ಲ. ಹೊಸಬರು ಎಲ್ರೂ ಎಡವೋ ಜಾಗ ಅಂದ್ರೆ ಬಿಳಿ ಹಕ್ಕಿ. ಚಮಚ ಕೊಕ್ಕರೆ, ಬೆಳ್ಳಕ್ಕಿ, ಕರಿತಲೆ ಐಬಿಸ್ ಎಲ್ಲ ಬಿಳಿ, ಹಿಂದೆ ಹೊಳೆಮತ್ತಿ ಮರ, ಬಿದಿರು ಮೆಳೆ ಕಡು ಹಸಿರು. ಕ್ಯಾಮೆರಾ ಆ ಕತ್ತಲೆ ನೋಡಿ ಬೆಳಕು ಜಾಸ್ತಿ ಎಳ್ಕೊಳ್ಳುತ್ತೆ, ಹಕ್ಕಿ ಮೈಮೇಲೆ ಒಂದು ಗರಿನೂ ಕಾಣದ ಹಾಗೆ ಬೆಳ್ಳಗೆ ಸುಟ್ಟು ಹೋಗುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ನು (ಬೆಳಕು ಹೆಚ್ಚುಕಮ್ಮಿ ಮಾಡೋ ಸೆಟ್ಟಿಂಗು) ಮೈನಸ್ ಮುಕ್ಕಾಲು ಒಂದರ ಹತ್ರ ಇಟ್ಕೊಳ್ಳಿ, ಆಮೇಲೆ ತಿದ್ದೋಕೆ ಸುಲಭ ಆಗೋ ರಾ ಫೈಲಲ್ಲಿ ತೆಗೀರಿ. ಮಾರ್ಚಲ್ಲಿ ಬಂದ್ರೆ ಗೂಡಿನ ಹತ್ರ, ರಿವರ್ ಟರ್ನ್ ಅನ್ನೋ ನದಿ ಹಕ್ಕಿ ಮೊಟ್ಟೆ ಇಟ್ಟಿರೋ ಬಂಡೆ ಹತ್ರ ನಿಧಾನಕ್ಕೆ ಬಿಡಿ ಅಂತ ಹೇಳಿ, ಸಖತ್ ಫ್ರೇಮ್ ಸಿಗುತ್ತೆ.

ಮಿಂಚುಳ್ಳಿ_ಮೈಸೂರು:
ಮಾಮ, ಕೊನೇ ಸಾಲು ಒಪ್ಪಲ್ಲ. ಟರ್ನ್ ಮೊಟ್ಟೆ ಇಡೋದು ಬರೀ ಬಂಡೆ ಮೇಲೆ, ಗೂಡು ಅಂತ ಏನೂ ಇಲ್ಲ. ಏಪ್ರಿಲ್ ಬಿಸಿಲಿಗೆ ಆ ಕಲ್ಲು ಹೆಂಗೆ ಕಾದಿರುತ್ತೆ ಗೊತ್ತಲ್ಲ, ತಾಯಿ ಮೈ ನೆರಳು ಕೊಟ್ಟು ಕೂತಿದ್ರೇನೇ ಮೊಟ್ಟೆ ಉಳಿಯೋದು. ದೋಣಿ ಹತ್ರ ಬಂತು ಅಂತ ಅದು ಎದ್ದು ಹಾರಿ ನಾಲ್ಕು ಸುತ್ತು ಹೊಡೀತು ಅಂದ್ರೆ ಅಷ್ಟೊತ್ತಿಗೆ ಮೇಲೆ ಬಿಸಿಲು, ಪಕ್ಕದಲ್ಲಿ ಕಾಗೆ. ಅದ್ರ ಮೇಲೆ ಡ್ಯಾಮಿಂದ ನೀರು ಏರಿದ್ರೆ ಮೊಟ್ಟೆ ಮುಳುಗೋ ಕಷ್ಟ ಬೇರೆ. ಒಂದು ಫ್ರೇಮಿಗೋಸ್ಕರ ಆ ಕಷ್ಟಕ್ಕೆ ನಾವೂ ಯಾಕೆ ಸೇರ್ಕೋಬೇಕು? ದೂರದಿಂದ ಟರ್ನ್ ಮೀನು ಹಿಡ್ಕೊಂಡು ಬಂದು ಜೋಡಿಗೆ ಕೊಡೋದು ತೆಗೀರಿ, ಗಂಡು ಬೆಳ್ಳಿ ಮೀನು ಕೊಕ್ಕಲ್ಲಿ ಅಡ್ಡ ಹಿಡ್ಕೊಂಡು ಬಂದು ಇಳಿಯುತ್ತೆ, ಹೆಣ್ಣು ತಲೆ ತಗ್ಗಿಸಿ ಇಸ್ಕೊಳ್ಳುತ್ತೆ. ಮೊಟ್ಟೆ ಫೋಟೋಗಿಂತ ಅದು ಎಷ್ಟೋ ಮೇಲು.

ಹೊಸಬರಿಗೆ ಇನ್ನೊಂದು ಮಾತು, ಮಧ್ಯಾಹ್ನದ ಬೆಳಕು ಕೆಟ್ಟದು ಅಂತ ಎಲ್ರೂ ಹೇಳ್ತಾರೆ, ಆದ್ರೆ ಮರಿ ಇರೋ ಕಾಲದಲ್ಲಿ ಬಣ್ಣದ ಕೊಕ್ಕರೆ ಎರಡೂ ರೆಕ್ಕೆ ಕೊಡೆ ಥರ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯೋದು ಆ ಉರಿ ಬಿಸಿಲಲ್ಲೇ. ಕಷ್ಟಪಟ್ಟು ಕಾಯಿರಿ.

ಮತ್ತೆ ದೋಣಿ ಗಲಾಟೆನೇ ಬೇಡ ಅಂದ್ರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಬೆಂಗಳೂರಿಂದ ಬರೋ ದಾರೀಲಿ ಸ್ವಲ್ಪ ಒಳಗೆ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರ, ಅರಳಿ ಮರದ ಮೇಲೇ ಗೂಡು ಕಟ್ತವೆ. ಊರಿನೋರು ಅವನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು ಅಂತಾರೆ, ಮರಿಗೆ ಬಿದ್ದು ಪೆಟ್ಟಾದ್ರೆ ಸಾಕ್ತಾರೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತಾನೂ ಆಯ್ತು. ಅಲ್ಲಿ 300 ಕೂಡ ಜಾಸ್ತಿ ಆಗ್ಬೋದು. ಆದ್ರೆ ಅದು ಜನ ವಾಸ ಇರೋ ಊರು, ಯಾರದೋ ಮನೆ ಜಗಲಿ ಮುಂದೆ ನಿಂತು ಫೋಟೋ ತೆಗಿಯೋ ಮುಂಚೆ ಒಂದು ಮಾತು ಕೇಳಿ.

ಲೆನ್ಸ್_ಮಾಮ:
ಮೇಡಂ, ಟರ್ನ್ ವಿಷ್ಯ ಸರಿ, ಆ ಸಾಲು ವಾಪಸ್. ಆದ್ರೆ ಮರದ ಮೇಲಿರೋ ಕೊಕ್ಕರೆಗಳದ್ದು ಬೇರೆ ಕಥೆ, ದಿನಾ ಅದೇ ದಾರೀಲಿ ದೋಣಿ ಓಡಾಡೋದು ನೋಡಿ ನೋಡಿ ಅವಕ್ಕೆ ನಾವು ಲೆಕ್ಕಕ್ಕೇ ಇಲ್ಲ, ಕತ್ತು ಕೂಡ ತಿರುಗಿಸಲ್ಲ. ಚಪ್ಪಾಳೆ ತಟ್ಟಿ ಹಾರಿಸೋ ಜನ ಇದಾರಲ್ಲ, ನಂಗೆ ಅವ್ರ ಮೇಲೆ ಸಿಟ್ಟು.

ಹೊಸಬ_ಬೆಂಗ್ಳೂರು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಫೆಬ್ರವರಿ ಕೊನೇಲಿ ವೀಕ್‌ಡೇ ರಜಾ ಹಾಕ್ತೀನಿ, ಬಾಡಿಗೆ ಲೆನ್ಸ್ ಕ್ಯಾನ್ಸಲ್. ಅಮ್ಮನ ವಿಷ್ಯ ಯಾರೂ ಹೇಳ್ಲಿಲ್ಲ...

ಪಾಲಹಳ್ಳಿ_ಕಡೆಯೋನು:
ಅಯ್ಯೋ ಮರೆತೇ ಹೋಯ್ತು. ದೋಣಿ ಹತ್ರ ಹೋಗೋಕೆ ಮೆಟ್ಟಿಲು ಇಳೀಬೇಕು, ಹತ್ತೋವಾಗ ದೋಣಿ ಸ್ವಲ್ಪ ಓಲಾಡುತ್ತೆ, ಹುಟ್ಟು ಹಾಕೋರು ಕೈ ಹಿಡ್ಕೋತಾರೆ, ಅಮ್ಮನ್ನ ಮಧ್ಯದ ಸೀಟಲ್ಲಿ ಕೂರ್ಸಿ. ಆಗಲ್ಲ ಅನ್ನಿಸಿದ್ರೆ ಬಲವಂತ ಬೇಡ, ದಡದುದ್ದಕ್ಕೂ ನಡೆಯೋ ದಾರಿ ಇದೆ, ಮರದ ತುಂಬ ಬಾವಲಿ ತಲೆಕೆಳಗಾಗಿ ನೇತಾಡ್ತಿರೋದು ಅಲ್ಲಿಂದ್ಲೇ ಕಾಣುತ್ತೆ, ಅದೃಷ್ಟ ಇದ್ರೆ ನೀರುನಾಯಿನೂ ಕಾಣ್ಬೋದು. ತಿಂಡಿ ಡಬ್ಬಿ ಮಾತ್ರ ಅಮ್ಮನ ಕೈಗೆ ಕೊಟ್ಟು ಹೋಗ್ಬೇಡಿ, ಕೋತಿ ಕಿತ್ಕೊಂಡು ಹೋಗ್ತವೆ, ಬ್ಯಾಗೊಳಗೆ ಇಟ್ಟು ಜಿಪ್ ಹಾಕಿ.